ಪೈಪ್‌ಲೈನಿನೊಳಗೆ ಪಿಗ್ ಓಡಿಸುವ ಬಗೆ: ಶುಚಿ ಮಾಡುವುದರಿಂದ ತಪಾಸಣೆಯ ವರದಿಯವರೆಗೆ

ಮಂಗಳೂರಿನ ಕಡಲತೀರದಿಂದ ಹೊರಟು, ಪಶ್ಚಿಮಘಟ್ಟ ಹತ್ತಿ, ಹಾಸನದ ಮೂಲಕ ಬೆಂಗಳೂರಿನ ಹೊರವಲಯ ಸೇರುವ ಪೆಟ್ರೋಲಿಯಂ ಪೈಪ್‌ಲೈನ್ ಸುಮಾರು 360 ಕಿಲೋಮೀಟರ್ ಉದ್ದವಿದೆ. 2003ರಿಂದ ಅದು ನೆಲದಡಿಯಲ್ಲಿ ಇಂಧನ ಸಾಗಿಸುತ್ತಿದೆ. ಅದರ ಮೇಲೆ ದಿನವೂ ನಡೆದಾಡುವ ರೈತನಿಗೆ ಗುರುತಿನ ಕಂಬಗಳ ಹೊರತು ಬೇರೇನೂ ಕಾಣುವುದಿಲ್ಲ. ಇಂಥ ಕೊಳವೆಯ ಒಳಗೋಡೆ ಹೇಗಿದೆಯೆಂದು ತಿಳಿಯಲು ಉದ್ದಕ್ಕೂ ಅಗೆದು ನೋಡಲಾಗದು. ಎಣ್ಣೆ ಖಾಲಿ ಮಾಡಿ ಒಳಗೆ ಇಳಿಯಲೂ ಆಗದು. ಹರಿಯುವ ಎಣ್ಣೆಯೇ ಹಿಂದಿನಿಂದ ತಳ್ಳಿಕೊಂಡು ಹೋಗುವಂತೆ, ಕೊಳವೆಗೆ ಬಿಗಿಯಾಗಿ ಕೂರುವ ಒಂದು ಉಪಕರಣವನ್ನು ಒಳಗೆ ಬಿಡುವುದೇ ಉಳಿದಿರುವ ದಾರಿ. ಆ ಉಪಕರಣವನ್ನೇ ಪಿಗ್ ಎನ್ನುತ್ತೇವೆ. ಹಳೆಯ ಕಾಲದ ಪಿಗ್‌ಗಳು ಕೊಳವೆಯನ್ನು ಉಜ್ಜುತ್ತಾ ಹೋಗುವಾಗ ಹಂದಿಯಂತೆ ಕೀರಲು ಸದ್ದು ಮಾಡುತ್ತಿದ್ದುದರಿಂದ ಈ ಹೆಸರು ಬಂತೆಂದು ಹೇಳುವುದುಂಟು.

ಈ ಲೇಖನವನ್ನು ಪಂಪಿಂಗ್ ಸ್ಟೇಷನ್ನುಗಳಿಗೆ ಹೊಸದಾಗಿ ಸೇರಿದ ಎಂಜಿನಿಯರುಗಳು, ಆಪರೇಟರುಗಳು ಮತ್ತು ಗುತ್ತಿಗೆ ಕೆಲಸದ ಮೇಲ್ವಿಚಾರಕರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಲೆಕ್ಕಗಳಿಗೆಲ್ಲ 20 ಇಂಚಿನ, ಅಂದರೆ ಒಳವ್ಯಾಸ ಸುಮಾರು 490 ಮಿಲಿಮೀಟರ್ ಇರುವ ಡೀಸೆಲ್ ಲೈನನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಪ್ರತಿ ಸ್ಟೇಷನ್ನಿಗೂ ಅದರದೇ ಲಿಖಿತ ಕಾರ್ಯವಿಧಾನ ಇರುತ್ತದೆ; ಇಲ್ಲಿನ ಮಾತಿಗೂ ಅದಕ್ಕೂ ವ್ಯತ್ಯಾಸ ಕಂಡರೆ ಅದನ್ನೇ ಪಾಲಿಸಬೇಕು.

ಕೊಳೆ ಎಲ್ಲಿ ಕೂರುತ್ತದೆ

ಡೀಸೆಲ್ಲಿನೊಡನೆ ಅತ್ಯಲ್ಪ ಪ್ರಮಾಣದ ನೀರು ಸದಾ ಬರುತ್ತದೆ. ನೀರು ಡೀಸೆಲ್ಲಿಗಿಂತ ಭಾರ. ಹರಿವು ನಿಧಾನವಾದಾಗ ಅದು ಕೆಳಗಿಳಿದು, ಹಳ್ಳ ದಾಟುವ ತಗ್ಗುಗಳಲ್ಲಿ ಕೊಳವೆಯ ತಳಕ್ಕೆ ಕಟ್ಟಿಕೊಳ್ಳುತ್ತದೆ. ತುಕ್ಕಿನ ಪುಡಿ ಮತ್ತು ಮಣ್ಣು ಅದರೊಡನೆ ಸೇರಿ ಕೆಸರಾಗುತ್ತದೆ, ಕೆಸರಿನಡಿ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಉಕ್ಕು ಚುಕ್ಕೆಚುಕ್ಕೆಯಾಗಿ ಸವೆಯತೊಡಗುತ್ತದೆ. ಕೊಳವೆಯ ಮೇಲ್ಭಾಗ ಹೊಸದರಂತೆ ಇದ್ದು ತಳ ಮಾತ್ರ ತೂತಾಗುವುದು ಹೀಗೆ.

ಅಲಾಸ್ಕಾದ ಪ್ರೂಢೋ ಬೇ ತೈಲಕ್ಷೇತ್ರದಲ್ಲಿ 2006ರ ಮಾರ್ಚ್‌ನಲ್ಲಿ ಬಿಪಿ ಕಂಪನಿಯ 34 ಇಂಚಿನ ಲೈನಿನಿಂದ ಸುಮಾರು 8 ಲಕ್ಷ ಲೀಟರ್ ಕಚ್ಚಾತೈಲ ಹಿಮದ ಮೇಲೆ ಸೋರಿಹೋಯಿತು. ತೂತು ಬಾದಾಮಿ ಬೀಜದಷ್ಟೇ ಇತ್ತು. ಆ ಲೈನಿನಲ್ಲಿ ತಪಾಸಣೆಯ ಪಿಗ್ ಕೊನೆಯ ಬಾರಿ ಓಡಿದ್ದು 1998ರಲ್ಲಿ. ಅನಿಲದ ಲೈನುಗಳಿಗೂ ಇದೇ ಕಾಯಿಲೆ ಬರುತ್ತದೆ. ಆಂಧ್ರಪ್ರದೇಶದ ಗೋದಾವರಿ ಸೀಮೆಯ ನಗರಂ ಗ್ರಾಮದಲ್ಲಿ 2014ರ ಜೂನ್ 27ರ ಬೆಳಗಿನ ಜಾವ 18 ಇಂಚಿನ ಅನಿಲ ಪೈಪ್‌ಲೈನ್ ಸಿಡಿದು 20ಕ್ಕೂ ಹೆಚ್ಚು ಜನ ಬೆಂದುಹೋದರು. ಒಣ ಅನಿಲ ಸಾಗಬೇಕಿದ್ದ ಕೊಳವೆಯಲ್ಲಿ ನೀರಿನಂಶವುಳ್ಳ ಅನಿಲ ಸಾಗಿ ಒಳಗೋಡೆ ಕೊರೆದಿತ್ತು. ಪಿಗ್ ಓಡಿಸುವ ವೇಳಾಪಟ್ಟಿಯನ್ನು ಮುಂದೂಡುವ ಕಡತಕ್ಕೆ ಸಹಿ ಹಾಕುವವರು ಈ ಎರಡು ಪ್ರಕರಣಗಳನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಮೊದಲ ಕೆಲಸ ಕಾಗದದ ಮೇಲೆ

ಪಿಗ್ಗನ್ನು ಒಳಗೆ ಬಿಡುವುದು ಸುಲಭ. ಅದನ್ನು ಹೊರಗೆ ತರಲಾಗುತ್ತದೆ ಎಂಬ ಖಾತ್ರಿ ಕಾಗದದ ಮೇಲೆ ಸಿಗುವವರೆಗೂ ಬಾಗಿಲು ತೆರೆಯಬಾರದು.

ಮೊದಲು ಲೈನಿನ ನಕ್ಷೆಗಳನ್ನು ಹರಡಿಕೊಂಡು ಪ್ರತಿಯೊಂದು ಬಾಗುವಿಕೆಯ ತ್ರಿಜ್ಯ ಎಷ್ಟು, ಪ್ರತಿಯೊಂದು ಕವಲಿನ ಬಾಯಿಗೆ ಅಡ್ಡ ಸರಳುಗಳು ಬೆಸೆಯಲ್ಪಟ್ಟಿವೆಯೇ, ಎಲ್ಲ ವಾಲ್ವುಗಳೂ ಕೊಳವೆಯಷ್ಟೇ ಅಗಲದ ಬಾಯುಳ್ಳವೇ, ನದಿ ಮತ್ತು ರೈಲುಹಳಿ ದಾಟುವಲ್ಲಿ ದಪ್ಪ ಗೋಡೆಯ ಕೊಳವೆ ಹಾಕಿದ್ದರೆ ಅಲ್ಲಿ ಒಳವ್ಯಾಸ ಎಷ್ಟು ಕಿರಿದಾಗುತ್ತದೆ ಎಂಬುದನ್ನು ಒಂದೊಂದಾಗಿ ಪಟ್ಟಿ ಮಾಡಬೇಕು. ಸರಳಿಲ್ಲದ ದೊಡ್ಡ ಕವಲೊಂದಿದ್ದರೆ ಪಿಗ್‌ನ ಮೂತಿ ಅದರೊಳಗೆ ಇಳಿದು ಸಿಕ್ಕಿಕೊಳ್ಳಬಹುದು. ಅಥವಾ ಪಿಗ್ಗನ್ನು ಕೊಳವೆಗೆ ಬಿಗಿಯಾಗಿ ಕೂರಿಸುವ ಎರಡೂ ಸೀಲುಗಳು ಕವಲಿನ ಬಾಯಿಯ ಮೇಲೆ ನಿಂತು, ಎಣ್ಣೆ ಪಕ್ಕದಿಂದ ಹಾದುಹೋಗಿ, ಪಿಗ್ ಅಲ್ಲೇ ಕುಳಿತುಬಿಡಬಹುದು. ದುರಸ್ತಿಯ ನೆಪದಲ್ಲಿ ಎಂದೋ ಹಾಕಿದ, ನಕ್ಷೆಗೆ ಏರದ ಜೋಡಣೆಗಳನ್ನು ತಿಳಿಯಲು ಹಳೆಯ ಫೋರ್‌ಮನ್ನರನ್ನೂ ಲೈನಿನ ಉದ್ದಕ್ಕೂ ನಡೆದು ಕಾಯುವ ಲೈನ್‌ವಾಕರ್‌ಗಳನ್ನೂ ಕೂರಿಸಿಕೊಂಡು ಮಾತಾಡಬೇಕು. ನಕ್ಷೆಯಲ್ಲಿ ಇಲ್ಲದ್ದು ಅವರ ನೆನಪಿನಲ್ಲಿರುತ್ತದೆ.

ಅನಂತರ ವೇಗದ ಲೆಕ್ಕ. 490 ಮಿ.ಮೀ. ಒಳವ್ಯಾಸದ ಕೊಳವೆಯಲ್ಲಿ ಗಂಟೆಗೆ 680 ಘನ ಮೀಟರ್ ಡೀಸೆಲ್ ಹರಿದರೆ ಪಿಗ್ ಸೆಕೆಂಡಿಗೆ ಸರಿಸುಮಾರು 1 ಮೀಟರ್ ಸಾಗುತ್ತದೆ, ಅಂದರೆ ಗಂಟೆಗೆ 3.6 ಕಿಲೋಮೀಟರ್, ಮನುಷ್ಯ ಸಾವಕಾಶವಾಗಿ ನಡೆದಷ್ಟು. 100 ಕಿಲೋಮೀಟರ್ ದಾಟಲು ಸುಮಾರು 28 ಗಂಟೆ ಬೇಕು. ಈ ಲೆಕ್ಕದಿಂದ ಪಿಗ್ ಯಾವ ಶಿಫ್ಟಿನವರ ಕೈಗೆ ಬರುತ್ತದೆ ಎಂಬುದು ತಿಳಿಯುತ್ತದೆ. ಬೆಳಗಿನ ಬೆಳಕಿನಲ್ಲಿ ರಿಸೀವರ್, ಅಂದರೆ ಪಿಗ್ಗನ್ನು ಹೊರತೆಗೆಯುವ ಪೀಪಾಯಿ, ತಲುಪುವಂತೆ ಹೊರಡುವ ಗಂಟೆಯನ್ನು ಗೊತ್ತುಮಾಡುವುದು ಉತ್ತಮ. ದ್ರವದ ಲೈನುಗಳಲ್ಲಿ ಶುಚಿಗೊಳಿಸುವ ಪಿಗ್‌ಗೆ ಸೆಕೆಂಡಿಗೆ 1ರಿಂದ 2 ಮೀಟರ್ ವೇಗ ಹಿತಕರ. ತೀರ ನಿಧಾನವಾದರೆ ಕೆರೆದ ಕೊಳೆ ಮುಂದೆ ಸಾಗದೆ ಪಿಗ್‌ನ ಎದುರಿಗೇ ರಾಶಿ ಬೀಳುತ್ತದೆ.

ಘಟ್ಟದ ಲೈನಿಗೆ ಇನ್ನೊಂದು ಲೆಕ್ಕ ಅಗತ್ಯ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದವರೆಗೆ ಡೀಸೆಲ್ ಕಂಬದಂತೆ ನಿಂತಿದ್ದರೆ ಘಟ್ಟದ ಬುಡದಲ್ಲಿ ಅದರ ಭಾರವೇ ಚದರ ಸೆಂಟಿಮೀಟರಿಗೆ ಸುಮಾರು 75 ಕಿಲೋ ಆಗುತ್ತದೆ. ನಮ್ಮಲ್ಲಿ ಒತ್ತಡವನ್ನು ಬರೀ ‘ಕೆಜಿ’ ಎಂದೇ ಹೇಳುವ ರೂಢಿ, ಇಲ್ಲಿಯೂ ಹಾಗೆಯೇ ಬಳಸುತ್ತೇನೆ. ಬುಡದಲ್ಲಿ ಒತ್ತಡ ಇಷ್ಟಿದ್ದಾಗ ಶಿಖರದಲ್ಲಿ ಅದು ಸೊನ್ನೆಯ ಹತ್ತಿರ ಇರಬಹುದು. ಶಿಖರ ದಾಟಿದ ಇಳಿಜಾರಿನಲ್ಲಿ ಕೊಳವೆ ಪೂರ್ತಿ ತುಂಬಿರದಿದ್ದರೆ ಪಿಗ್ ತಡೆಯಿಲ್ಲದೆ ಧಾವಿಸಿ, ಕೆಳಗಿನ ಬಾಗುವಿಕೆಗೆ ಬಡಿಯುತ್ತದೆ. ಆದ್ದರಿಂದ ಪಿಗ್ ಶಿಖರ ಸಮೀಪಿಸುವ ಮೊದಲೇ ಮುಂದಿನ ಸ್ಟೇಷನ್ನಿನಲ್ಲಿ ಹರಿವನ್ನು ತಡೆದು ಹಿಂದೊತ್ತಡ ಏರಿಸಿ ಕೊಳವೆಯನ್ನು ತುಂಬಿಸಿಕೊಳ್ಳಬೇಕು.

ಯಾವ ಸರಕಿನೊಡನೆ ಓಡಿಸುವುದೆಂಬುದೂ ಈಗಲೇ ತೀರ್ಮಾನವಾಗಬೇಕು. ಒಂದೇ ಲೈನಿನಲ್ಲಿ ಒಂದರ ಹಿಂದೊಂದು ಸಾಗುವ ಬೇರೆ ಬೇರೆ ಸರಕಿನ ಕಂತುಗಳಿಗೆ ಬ್ಯಾಚ್ ಎನ್ನುತ್ತಾರೆ. ಕೆರೆದ ಕೊಳೆ ಡೀಸೆಲ್ ಬ್ಯಾಚಿನಲ್ಲಿ ಬಂದರೆ ಟ್ಯಾಂಕಿನಲ್ಲಿ ತಂಗಿಸಿ ಸೋಸಬಹುದು. ವಿಮಾನದ ಇಂಧನ ಸಾಗಿಸುವ ಲೈನಾದರೆ ಆ ಬ್ಯಾಚಿನ ಹತ್ತಿರಕ್ಕೂ ಶುಚಿಗೊಳಿಸುವ ಪಿಗ್ ಸುಳಿಯಬಾರದು.

ಮೃದುವಿನಿಂದ ಗಟ್ಟಿಯ ಕಡೆಗೆ

ಬಹಳ ದಿನ ಪಿಗ್ ಕಾಣದ ಲೈನಿಗೆ ಮೊದಲ ದಿನವೇ ಉಕ್ಕಿನ ಬ್ರಷ್ಷಿನ ಪಿಗ್ ಬಿಡುವುದು ದುಡುಕು. ಕಾರಣ ಒಂದು ಸಣ್ಣ ಗುಣಾಕಾರದಲ್ಲಿದೆ. 490 ಮಿ.ಮೀ. ಕೊಳವೆಯ ಒಳಗೋಡೆಗೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ತೆಳ್ಳಗೆ ಕೊಳೆ ಮೆತ್ತಿದೆ ಎಂದುಕೊಳ್ಳೋಣ. 100 ಕಿಲೋಮೀಟರಿನಲ್ಲಿ ಅದು ಸುಮಾರು 15 ಘನ ಮೀಟರ್. ಬೇಸಿಗೆಯಲ್ಲಿ ಬೆಂಗಳೂರಿನ ಬೀದಿಗಳಿಗೆ ಬರುವ 5,000 ಲೀಟರಿನ ನೀರಿನ ಟ್ಯಾಂಕರುಗಳಲ್ಲಿ ತುಂಬಿದರೆ ಮೂರು ಟ್ಯಾಂಕರ್. ಅಷ್ಟನ್ನೂ ಒಂದೇ ಬಾರಿಗೆ ಕೆರೆದರೆ ಪಿಗ್‌ನ ಮುಂದೆ ಕೆಸರಿನ ಬಿರಡೆ ಕಟ್ಟಿ ಲೈನ್ ಮುಚ್ಚಿಹೋಗುತ್ತದೆ.

ಹಾಗಾಗಿ ಮೊದಲು ಹೋಗುವುದು ಫೋಮ್ ಪಿಗ್. ಘನ ಮೀಟರಿಗೆ ಸುಮಾರು 30 ಕಿಲೋ ತೂಗುವ, ಹಾಸಿಗೆಯ ಸ್ಪಂಜಿನಂತಿರುವ ಮೆತ್ತನೆಯ ಪಾಲಿಯುರಿಥೇನ್ ಗುಂಡು ಅದು. ದಾರಿಯಲ್ಲಿ ತಗ್ಗು ಕಂಡರೆ ಕುಗ್ಗುತ್ತದೆ. ಎಲ್ಲೋ ಸಿಕ್ಕಿಕೊಂಡರೂ ಒತ್ತಡಕ್ಕೆ ಚೂರಾಗಿ ಹೊರಬರುತ್ತದೆ. ಅದು ಎಷ್ಟು ಹರಿದು ಬಂತು, ಯಾವ ಮಗ್ಗುಲು ಸೀಳಿತು ಎಂಬುದರಿಂದ ದಾರಿಯ ಮೊದಲ ಸುಳಿವು ಸಿಗುತ್ತದೆ. ಅದು ಇಡಿಯಾಗಿ ಬಂದ ಮೇಲೆ ಹೆಚ್ಚು ಸಾಂದ್ರತೆಯ ಫೋಮ್, ಅನಂತರ ಉಕ್ಕಿನ ಮೈಗೆ ರಬ್ಬರಿನಂಥ ವೃತ್ತಾಕಾರದ ಡಿಸ್ಕುಗಳನ್ನು ಬಿಗಿದ ಪಿಗ್. ಡಿಸ್ಕುಗಳ ವ್ಯಾಸ ಕೊಳವೆಯ ಒಳವ್ಯಾಸಕ್ಕಿಂತ ಶೇಕಡಾ 2ರಿಂದ 5ರಷ್ಟು ದೊಡ್ಡದಿರುವುದರಿಂದ ಅದು ಬಿಗಿಯಾಗಿ ಒರೆಸುತ್ತಾ ಸಾಗುತ್ತದೆ. ಬಟ್ಟಲಿನ ಆಕಾರದ ಕಪ್ ಇರುವ ಪಿಗ್ ಹೆಚ್ಚು ಬಿಗಿಯಾಗಿ ಸೀಲು ಮಾಡುತ್ತದೆಯಾದರೂ ಒಂದೇ ದಿಕ್ಕಿಗೆ ಹೋಗುತ್ತದೆ. ಡಿಸ್ಕ್ ಪಿಗ್ಗನ್ನು ಅಗತ್ಯ ಬಿದ್ದರೆ ಹಿಂದಕ್ಕೂ ತಳ್ಳಬಹುದು. ಗೊತ್ತಿಲ್ಲದ ಲೈನಿಗೆ ನಾನು ಯಾವಾಗಲೂ ಡಿಸ್ಕಿನದನ್ನೇ ಆರಿಸುತ್ತೇನೆ.

ಇದಾದ ಮೇಲೆಯೇ ಬ್ರಷ್ಷು ಮತ್ತು ಅಯಸ್ಕಾಂತ ಹೊತ್ತ ಪಿಗ್‌ಗಳ ಸರದಿ. ಇವುಗಳ ಮೈಯಲ್ಲಿ ಹಿಂದಿನಿಂದ ಮುಂದಕ್ಕೆ ಕೆಲವು ರಂಧ್ರಗಳನ್ನು ತೆರೆದಿಟ್ಟರೆ ಸ್ವಲ್ಪ ಎಣ್ಣೆ ಅವುಗಳ ಮೂಲಕ ಚಿಮ್ಮಿ, ಕೆರೆದ ಕೊಳೆಯನ್ನು ಕಲಕಿ ಮುಂದೆ ತೇಲಿಸುತ್ತದೆ. ಮೇಣದಂಶ ಹೆಚ್ಚಿರುವ ಕಚ್ಚಾತೈಲದ ಲೈನುಗಳದು ಬೇರೆಯೇ ಶಾಸ್ತ್ರ. ರಾಜಸ್ಥಾನದ ಬಾಡಮೇರಿನಿಂದ ಗುಜರಾತಿನ ಕರಾವಳಿಗೆ ಹೋಗುವ ಲೈನಿನ ತೈಲ ಎಷ್ಟು ಬೇಗ ಹೆಪ್ಪುಗಟ್ಟುತ್ತದೆಂದರೆ 600 ಕಿಲೋಮೀಟರಿಗೂ ಮಿಕ್ಕಿದ ಆ ಲೈನನ್ನು ಉದ್ದಕ್ಕೂ ಬಿಸಿ ಮಾಡಿಯೇ ನಡೆಸಬೇಕಾಗಿದೆ. ಅದರ ವಿಚಾರ ಇಲ್ಲಿ ಬೇಡ.

ಕೊನೆಗೆ ಗೇಜ್ ಪ್ಲೇಟ್. ಲೈನಿನ ಅತಿ ಕಿರಿದಾದ ಒಳವ್ಯಾಸದ ಶೇಕಡಾ 95ರಷ್ಟು ವ್ಯಾಸವಿರುವ ಅಲ್ಯೂಮಿನಿಯಂ ತಟ್ಟೆಯನ್ನು ಪಿಗ್‌ಗೆ ಬಿಗಿದು ಕಳಿಸುತ್ತೇವೆ; ನಮ್ಮ ಉದಾಹರಣೆಯಲ್ಲಿ ಅದು ಸುಮಾರು 465 ಮಿ.ಮೀ. ಅಂಚಿನಲ್ಲಿ ಸೀಳುಗಳಿರುವುದರಿಂದ ಅದು ಹೂವಿನ ದಳಗಳಂತೆ ಕಾಣುತ್ತದೆ. ಕೊಳವೆ ಎಲ್ಲಾದರೂ ನಜ್ಜಿದ್ದರೆ ಆ ಬದಿಯ ದಳ ಬಾಗಿ ಬರುತ್ತದೆ. ನಾನು ಕೆಲಸ ಮಾಡಿದ ಒಂದು ಸ್ಟೇಷನ್ನಿನಲ್ಲಿ ಗೇಜ್ ಪ್ಲೇಟಿನ ಒಂದು ಅಂಚು ಬಿದಿಗೆಯ ಚಂದ್ರನಂತೆ ನುಣ್ಣಗೆ ಕತ್ತರಿಸಿಹೋಗಿತ್ತು. ನಜ್ಜಿದ ಕೊಳವೆ ಹಾಗೆ ಕತ್ತರಿಸುವುದಿಲ್ಲ. ಹುಡುಕಿದಾಗ ಮಧ್ಯದ ವಾಲ್ವೊಂದರ ಸೂಚಕ ‘ಪೂರ್ತಿ ತೆರೆದಿದೆ’ ಎಂದು ತೋರಿಸುತ್ತಿದ್ದರೂ ಒಳಗಿನ ಗುಂಡು ಕೆಲವು ಡಿಗ್ರಿ ಹಿಂದೆಯೇ ನಿಂತಿರುವುದು ಗೊತ್ತಾಯಿತು. ಆ ತಟ್ಟೆಯ ಬದಲು ಕೋಟಿಗಟ್ಟಲೆ ಬೆಲೆಯ ತಪಾಸಣೆ ಪಿಗ್ ಮೊದಲು ಹೋಗಿದ್ದರೆ ಅದರ ಸೆನ್ಸರುಗಳೆಲ್ಲ ಅಲ್ಲಿ ಬೋಳಿಸಿಹೋಗುತ್ತಿದ್ದವು.

ಲಾಂಚರಿನಿಂದ ಹೊರಡಿಸುವುದು

ಲಾಂಚರ್ ಎಂದರೆ ಲೈನಿಗಿಂತ ಅಗಲವಾದ ಒಂದು ಉಕ್ಕಿನ ಪೀಪಾಯಿ. 20 ಇಂಚಿನ ಲೈನಿಗೆ ಸಾಮಾನ್ಯವಾಗಿ 24 ಇಂಚಿನದು. ಒಂದು ತುದಿಯಲ್ಲಿ ತೆರೆಯುವ ಬಾಗಿಲು, ಇನ್ನೊಂದು ತುದಿಯಲ್ಲಿ ಕೊಳವೆಯ ಅಳತೆಗೆ ಕಿರಿದಾಗುವ ಕತ್ತು, ಕತ್ತಿನ ಮುಂದೆ ಟ್ರ್ಯಾಪ್ ವಾಲ್ವ್. ಪೀಪಾಯಿಯ ಹಿಂಭಾಗಕ್ಕೆ ಎಣ್ಣೆ ತರುವ ಕೊಳವೆಯನ್ನು ಕಿಕ್ಕರ್ ಲೈನ್ ಎನ್ನುತ್ತಾರೆ. ಸ್ಟೇಷನ್ನಿನ ಮುಖ್ಯ ಹರಿವು ಇವೆಲ್ಲವನ್ನೂ ಬಳಸಿಕೊಂಡು ಮುಖ್ಯ ವಾಲ್ವಿನ ಮೂಲಕ ಸಾಗುತ್ತಿರುತ್ತದೆ.

ಕೆಲಸದ ಪರ್ಮಿಟ್ ಕೈಗೆ ಬಂದ ಮೇಲೆ ಟ್ರ್ಯಾಪ್ ವಾಲ್ವ್ ಮತ್ತು ಕಿಕ್ಕರ್ ವಾಲ್ವ್ ಮುಚ್ಚಿವೆಯೆಂದು ಕೈಮುಟ್ಟಿ ನೋಡಿ ಬೀಗ ಹಾಕಿ. ವೆಂಟ್ ತೆರೆದು ಒತ್ತಡ ಇಳಿಸಿ, ಡ್ರೇನ್ ತೆರೆದು ಪೀಪಾಯಿಯನ್ನು ಖಾಲಿ ಮಾಡಿ. ಡ್ರೇನ್ ನಿಂತ ಮೇಲೂ ಕೆಲವು ನಿಮಿಷ ಕಾದು ನೋಡಿ. ಮತ್ತೆ ಎಣ್ಣೆ ಬರತೊಡಗಿದರೆ ಯಾವುದೋ ವಾಲ್ವ್ ಒಳಗೊಳಗೇ ಸೋರುತ್ತಿದೆ ಎಂದರ್ಥ, ಅದು ಸರಿಯಾಗುವವರೆಗೆ ಬಾಗಿಲಿನ ಮಾತೇ ಬೇಡ. ಎಲ್ಲ ಸರಿಯಿದ್ದರೆ ಬಾಗಿಲಿನ ಎಚ್ಚರಿಕೆ ಬೋಲ್ಟನ್ನು ನಿಧಾನವಾಗಿ ಸಡಿಲಿಸಿ, ಅದರಿಂದ ಏನೂ ಚಿಮ್ಮದಿದ್ದರೆ ಮಾತ್ರ ಬಾಗಿಲು ತೆರೆಯಿರಿ.

ಪಿಗ್ಗನ್ನು ಪೀಪಾಯಿಯೊಳಗೆ ತಳ್ಳಿ, ಅದರ ಮುಂದಿನ ಡಿಸ್ಕು ಕತ್ತಿನಲ್ಲಿ ಬಿಗಿಯಾಗಿ ಕೂರುವವರೆಗೆ ಒತ್ತಬೇಕು. ಅರ್ಧಕ್ಕೆ ಬಿಟ್ಟರೆ ಎಣ್ಣೆ ಪಕ್ಕದಿಂದ ಹರಿದುಹೋಗಿ ಪಿಗ್ ಕದಲುವುದೇ ಇಲ್ಲ. ಲಾಂಚ್ ವಿಫಲವಾಗುವ ಅತಿ ಸಾಮಾನ್ಯ ಕಾರಣ ಇದೇ. ಬಾಗಿಲಿನ ಸೀಲಿಂಗ್ ರಿಂಗನ್ನು ಒರೆಸಿ, ಬಾಗಿಲು ಮುಚ್ಚಿ, ಡ್ರೇನ್ ಮುಚ್ಚಿ, ವೆಂಟ್ ತೆರೆದಿರುವಂತೆಯೇ ಕಿಕ್ಕರ್ ವಾಲ್ವನ್ನು ತುಸು ತೆರೆದು ಪೀಪಾಯಿಯನ್ನು ನಿಧಾನವಾಗಿ ತುಂಬಿಸಿ. ವೆಂಟಿನಲ್ಲಿ ಗಾಳಿ ನಿಂತು ಬರೀ ಎಣ್ಣೆ ಬರತೊಡಗಿದಾಗ ಅದನ್ನು ಮುಚ್ಚಿ. ಈ ಹೊತ್ತಿನಲ್ಲಿ ಪಿಗ್‌ನ ಹಿಂದೆ ಮತ್ತು ಮುಂದೆ ಒತ್ತಡ ಒಂದೇ ಸಮ ಇರುವಂತೆ ಸಮತೋಲನದ ಸಣ್ಣ ಕೊಳವೆಯನ್ನು ತೆರೆದಿಡಬೇಕು. ಇಲ್ಲವಾದರೆ ಪಿಗ್ ಮುಂದೆ ಜಿಗಿದು, ಇನ್ನೂ ಮುಚ್ಚಿರುವ ಟ್ರ್ಯಾಪ್ ವಾಲ್ವಿಗೆ ಹೋಗಿ ಗುದ್ದುತ್ತದೆ. ಪೀಪಾಯಿಯ ಒತ್ತಡ ಲೈನಿನ ಒತ್ತಡಕ್ಕೆ ಸಮನಾದ ಮೇಲೆ ಕಿಕ್ಕರ್ ಮುಚ್ಚಿ, ಟ್ರ್ಯಾಪ್ ವಾಲ್ವನ್ನು ಪೂರ್ತಿ ತೆರೆದು, ಮತ್ತೆ ಕಿಕ್ಕರ್ ತೆರೆಯಿರಿ. ಇನ್ನು ಉಳಿದದ್ದು ಮುಖ್ಯ ವಾಲ್ವನ್ನು ಸ್ವಲ್ಪಸ್ವಲ್ಪವಾಗಿ ಮುಚ್ಚುತ್ತಾ ಹೋಗುವುದು. ಹರಿವು ಕಿಕ್ಕರಿನ ಕಡೆ ತಿರುಗುತ್ತಿದ್ದಂತೆ ಒಳಗೆ ದೊಡ್ಡ ಕವಾಟ ಸರಿದಂಥ ಸದ್ದು ಕೇಳಿ, ಲೈನಿನ ಮೇಲಿನ ಸೂಚಕದ ಬಾವುಟ ಚಟ್ಟನೆ ಏಳುತ್ತದೆ. ಸದ್ದನ್ನು ನಂಬಬೇಡಿ, ಬಾವುಟ ಎದ್ದ ಮೇಲೆಯೇ ಲಾಗ್‌ಬುಕ್ಕಿನಲ್ಲಿ ಗಂಟೆ ಬರೆದು, ಮುಖ್ಯ ವಾಲ್ವನ್ನು ಪೂರ್ತಿ ತೆರೆದು, ಟ್ರ್ಯಾಪ್ ಮತ್ತು ಕಿಕ್ಕರ್ ವಾಲ್ವುಗಳನ್ನು ಮುಚ್ಚಿ ಲಾಂಚರನ್ನು ಲೈನಿನಿಂದ ಬೇರ್ಪಡಿಸಿ.

ದಾರಿಯಲ್ಲಿ, ಮತ್ತು ಸಿಕ್ಕಿಹಾಕಿಕೊಂಡಾಗ

ಪಿಗ್ ಓಡುವಾಗ ಕಂಟ್ರೋಲ್ ರೂಮಿನವರು ಹರಿದ ಎಣ್ಣೆಯ ಪರಿಮಾಣದಿಂದ ಅದರ ಸ್ಥಾನವನ್ನು ಲೆಕ್ಕಹಾಕುತ್ತಾರೆ. ವಾಲ್ವ್ ಸ್ಟೇಷನ್ನುಗಳಲ್ಲಿ ನಿಂತವರು ಅದು ಹಾದ ಗಂಟೆಯನ್ನು ತಿಳಿಸುತ್ತಾರೆ. ಸೀಲು ಸವೆದಷ್ಟೂ ಪಿಗ್ ಲೆಕ್ಕಕ್ಕಿಂತ ಹಿಂದೆ ಬೀಳುತ್ತದೆ. ಎರಡರ ಅಂತರ ಪ್ರತಿ ಸ್ಟೇಷನ್ನಿಗೂ ಹಿಗ್ಗುತ್ತಾ ಹೋದರೆ ಡಿಸ್ಕುಗಳು ಹರಿಯುತ್ತಿವೆ ಎಂದು ತಿಳಿಯಬೇಕು.

ಒತ್ತಡ ಏಕಾಏಕಿ ಏರಿ ಹರಿವು ಕುಸಿದರೆ ಪಿಗ್ ಅಡ್ಡವಾಗಿ ನಿಂತಿದೆ. ಒತ್ತಡವೂ ಹರಿವೂ ಮಾಮೂಲಿನಂತಿದ್ದು ಪಿಗ್ ಮಾತ್ರ ಮುಂದಿನ ಸ್ಟೇಷನ್ನಿಗೆ ಬಾರದಿದ್ದರೆ ಸೀಲು ಹೋಗಿ ಎಣ್ಣೆ ಅದನ್ನು ಬಳಸಿ ಹರಿಯುತ್ತಿದೆ. ಎರಡಕ್ಕೂ ಒಂದೇ ಮದ್ದು ಕೊಡಬಾರದು. ಎರಡನೆಯದಕ್ಕೆ ಹಿಂದಿನಿಂದ ಒಂದು ಹೊಸ ಫೋಮ್ ಪಿಗ್ ಕಳಿಸಿದರೆ ಅದು ಸೀಲಿನಂತೆ ಕೂತು ಹಳೆಯದನ್ನು ತಳ್ಳಿಕೊಂಡು ಬರುವುದುಂಟು. ಮೊದಲನೆಯದರಲ್ಲಿ ಪಂಪಿನ ಒತ್ತಡ ಏರಿಸಿ ನುಗ್ಗಿಸುವ ಆಸೆಯನ್ನು ತಡೆದುಕೊಳ್ಳಬೇಕು. ಎದುರಿಗೆ ಕೆಸರಿನ ಬಿರಡೆಯಿದ್ದರೆ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಅನುಮತಿಸಿದ ಮಿತಿಯೊಳಗೆ ಹರಿವನ್ನು ತುಸು ಏರಿಳಿಸಿ ನೋಡಿ, ಆಗದಿದ್ದರೆ ಸಾಧ್ಯವಿರುವಲ್ಲಿ ಹರಿವನ್ನು ಹಿಂದಕ್ಕೆ ತಿರುಗಿಸಿ ಪಿಗ್ಗನ್ನು ಹಿಂದೆ ಸರಿಸಬೇಕು. ಪಿಗ್‌ನೊಳಗೆ 22 ಹರ್ಟ್ಸ್ ಕಂಪನಾಂಕದ ಟ್ರಾನ್ಸ್‌ಮಿಟರ್ ಇಟ್ಟಿದ್ದರೆ ನೆಲದ ಮೇಲೆ ಅದರ ಸಂಕೇತ ಹಿಡಿಯುವ ಸಾಧನದೊಡನೆ ನಡೆಯುತ್ತಾ ಅದು ನಿಂತ ಜಾಗವನ್ನು ನಿಖರವಾಗಿ ಗುರುತಿಸಬಹುದು. ಈ ಸಣ್ಣ ಖರ್ಚನ್ನು ಉಳಿಸಲು ಹೋದವರು ಆಮೇಲೆ ಕಿಲೋಮೀಟರುಗಟ್ಟಲೆ ಹುಡುಕಾಡಿದ್ದನ್ನು ಕಂಡಿದ್ದೇನೆ. ಕೊಳವೆ ಕತ್ತರಿಸುವುದು ಕಟ್ಟಕಡೆಯ ದಾರಿ.

ರಿಸೀವರಿನ ಬಾಗಿಲು

ಇಡೀ ಕೆಲಸದಲ್ಲಿ ಪ್ರಾಣ ಹೋಗುವ ಜಾಗ ಇದು, ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಪಿಗ್ ಬರುವ ಮೊದಲೇ ರಿಸೀವರನ್ನು ಎಣ್ಣೆಯಿಂದ ತುಂಬಿಸಿ, ಒತ್ತಡ ಸಮ ಮಾಡಿ, ಟ್ರ್ಯಾಪ್ ವಾಲ್ವ್ ಮತ್ತು ಪೀಪಾಯಿಯಿಂದ ಹೊರಹೋಗುವ ವಾಲ್ವ್ ಎರಡನ್ನೂ ತೆರೆದಿಡಬೇಕು. ಪಿಗ್ ಸಮೀಪಿಸುವಾಗ ಮುಖ್ಯ ವಾಲ್ವನ್ನು ಕಿರಿದುಮಾಡಿ ಹರಿವನ್ನು ಪೀಪಾಯಿಯ ಮೂಲಕ ತಿರುಗಿಸಿದರೆ ಅದು ಒಳಗೆ ಬಂದು ಕೂರುತ್ತದೆ. ಸೂಚಕ ಎದ್ದ ಮೇಲೆ ಮುಖ್ಯ ವಾಲ್ವ್ ತೆರೆದು, ಉಳಿದೆರಡನ್ನು ಮುಚ್ಚಿ, ವೆಂಟ್ ಮತ್ತು ಡ್ರೇನ್ ತೆರೆಯಬೇಕು.

ಈಗ ಒತ್ತಡದ ಗೇಜ್ ನೋಡಿ. ಲೈನಿನ ಮೇಲೆ ಸಾಮಾನ್ಯವಾಗಿ ಇರುವುದು 0ಯಿಂದ 100 ಕೆಜಿವರೆಗಿನ ಗೇಜ್. ಅದರಲ್ಲಿ ಒಂದು ಗೆರೆಗೆ 2 ಕೆಜಿ. ಒಳಗೆ 1 ಕೆಜಿ ಒತ್ತಡ ಉಳಿದಿದ್ದರೂ ಮುಳ್ಳು ಸೊನ್ನೆಯ ಮೊಳೆಗೆ ಒರಗಿದಂತೆಯೇ ಕಾಣುತ್ತದೆ. 24 ಇಂಚಿನ ಬಾಗಿಲಿನ ಮೇಲೆ ಆ 1 ಕೆಜಿ ಎಷ್ಟು ಬಲ ಹಾಕುತ್ತದೆ ಗೊತ್ತೇ? ಸುಮಾರು 2.8 ಟನ್. ಬೀಗ ಸಡಿಲಿಸಿದ ಕ್ಷಣ ಅಷ್ಟು ಬಲದಲ್ಲಿ ಬಾಗಿಲು ಬೀಸಿ ಬಡಿಯುತ್ತದೆ. ಹೀಗಾಗಿ ಬಾಗಿಲಿನ ಹತ್ತಿರ ಸಣ್ಣ ಅಳತೆಯ ಇನ್ನೊಂದು ಗೇಜ್ ಇರಬೇಕು, ವೆಂಟ್ ತೆರೆದೇ ಇರಬೇಕು, ಬಾಗಿಲಿನ ಎದುರಿಗೆ ಮಾತ್ರ ಯಾರೂ ನಿಲ್ಲಬಾರದು.

ಇದಕ್ಕಿಂತ ಮೋಸದ ಸಂಗತಿ ಇನ್ನೊಂದಿದೆ. ಪಿಗ್ ಪೂರ್ತಿ ಒಳಗೆ ಬಾರದೆ ಕತ್ತಿನಲ್ಲೇ ಬಿರಡೆಯಂತೆ ಕೂತಿರಬಹುದು. ಆಗ ಬಾಗಿಲಿನ ಬದಿಯ ಗೇಜ್ ನಿಜವಾಗಿಯೂ ಸೊನ್ನೆಯೇ ಇರುತ್ತದೆ, ಆದರೆ ಪಿಗ್‌ನ ಹಿಂದೆ, ಟ್ರ್ಯಾಪ್ ವಾಲ್ವಿನವರೆಗಿನ ತುಂಡಿನಲ್ಲಿ ಲೈನಿನ ಒತ್ತಡ ಸೆರೆಯಾಗಿರುತ್ತದೆ. ಬಾಗಿಲು ತೆರೆದವನೆದುರು ಪಿಗ್ ಗುಂಡಿನಂತೆ ಹಾರಿಬರುತ್ತದೆ. ಅನಿಲದ ಲೈನಿನಲ್ಲಿ ಇದರ ಭೀಕರತೆ ಇನ್ನೂ ಹೆಚ್ಚು. ಕತ್ತಿನ ಎರಡೂ ಕಡೆ ಪ್ರತ್ಯೇಕ ವೆಂಟ್ ಮತ್ತು ಪ್ರತ್ಯೇಕ ಗೇಜ್ ಇರಬೇಕೆಂಬ ನಿಯಮ ಇದಕ್ಕಾಗಿಯೇ ಇದೆ. ಎರಡನ್ನೂ ಓದಿದ ಮೇಲೆಯೇ ಬೀಗಕ್ಕೆ ಕೈಹಾಕಬೇಕು.

ಕಚ್ಚಾತೈಲ ಮತ್ತು ಗಂಧಕಾಂಶವುಳ್ಳ ಅನಿಲದ ಲೈನುಗಳಲ್ಲಿ ಬರುವ ಕಪ್ಪು ಪುಡಿಯಲ್ಲಿ ಕಬ್ಬಿಣದ ಸಲ್ಫೈಡ್ ಇರುತ್ತದೆ. ಒಣಗಿ ಗಾಳಿ ತಗುಲಿದರೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಬಾಗಿಲು ತೆರೆದ ಕೂಡಲೇ ನೀರು ಚಿಮುಕಿಸಿ, ಹೊರತೆಗೆದ ಕೊಳೆಯನ್ನು ಒದ್ದೆಯಾಗಿಯೇ ಮುಚ್ಚಿದ ಡ್ರಮ್ಮಿಗೆ ತುಂಬಬೇಕು. ಹೈಡ್ರೋಜನ್ ಸಲ್ಫೈಡ್ ಇರುವಲ್ಲಿ ಮೂಗನ್ನು ನಂಬುವಂತಿಲ್ಲ, ಏಕೆಂದರೆ ಅದರ ಪ್ರಮಾಣ ಅಪಾಯದ ಮಟ್ಟಕ್ಕೆ ಏರಿದಾಗ ವಾಸನೆ ಹಿಡಿಯುವ ಶಕ್ತಿಯೇ ಸತ್ತುಹೋಗುತ್ತದೆ. ಅಂಗಿಗೆ ಸಿಕ್ಕಿಸಿಕೊಳ್ಳುವ ಡಿಟೆಕ್ಟರ್ ಕಡ್ಡಾಯ. ಪೆಟ್ರೋಲ್, ಡೀಸೆಲ್ ಲೈನುಗಳಲ್ಲಿ ಕಿಡಿಯ ಭಯ. ಹಿತ್ತಾಳೆಯಂಥ ಕಿಡಿಯೇಳದ ಲೋಹದ ಉಪಕರಣ ಬಳಸಿ, ಪಿಗ್ಗನ್ನು ಇಳಿಸಿಕೊಳ್ಳುವ ತಟ್ಟೆಗೂ ಪಿಗ್‌ಗೂ ಅರ್ಥಿಂಗ್ ಕೊಟ್ಟು, ನಿಧಾನವಾಗಿ ಎಳೆಯಿರಿ.

ಕೊಳೆಯನ್ನು ಓದುವುದು

ಪಿಗ್ ತೊಳೆದುಬಿಡುವ ಆತುರ ಬೇಡ. ಮೊದಲು ಬಂದ ಹಾಗೆಯೇ ಫೋಟೋ ತೆಗೆದು, ಕೊಳೆಯನ್ನು ತೂಕಮಾಡಿ, ಒಂದು ಬಾಟಲಿ ಪ್ರಯೋಗಾಲಯಕ್ಕೆ ಕಳಿಸಿ. ಕೆಂಪು ಪುಡಿಯಾದರೆ ಗಾಳಿಯ ಸಂಪರ್ಕದ ತುಕ್ಕು. ಕಪ್ಪಾಗಿ, ಕೊಳೆತ ಮೊಟ್ಟೆಯ ನಾತವಿದ್ದರೆ ಸಲ್ಫೈಡ್ ಮತ್ತು ಬ್ಯಾಕ್ಟೀರಿಯಾ. ಮಣ್ಣು ಮರಳು ಬಂದರೆ ನಿರ್ಮಾಣದ ಕಾಲದ್ದು ಇನ್ನೂ ಉಳಿದಿದೆ. ಅಯಸ್ಕಾಂತಕ್ಕೆ ವೆಲ್ಡಿಂಗ್ ರಾಡಿನ ತುಂಡುಗಳು ಅಂಟಿ ಬರುವುದು ಹೊಸ ಲೈನುಗಳಲ್ಲಿ ಮಾಮೂಲು. ಡಿಸ್ಕಿನ ಸವೆತವನ್ನೂ ನೋಡಬೇಕು: ಸುತ್ತಲೂ ಸಮನಾಗಿ ಸವೆದಿದ್ದರೆ ಸರಿ, ಒಂದೇ ಕಡೆ ಸವೆದಿದ್ದರೆ ಪಿಗ್ ಉರುಳದೆ ತನ್ನ ಭಾರಕ್ಕೆ ಒಂದೇ ಮಗ್ಗುಲಲ್ಲಿ ಎಳೆದುಕೊಂಡು ಬಂದಿದೆ. ಒಂದರ ಹಿಂದೊಂದು ಓಟದಲ್ಲಿ ಕೊಳೆಯ ತೂಕ ಇಳಿಯುತ್ತಾ ಹೋಗಬೇಕು. ಎಷ್ಟಕ್ಕೆ ಇಳಿದರೆ ಲೈನ್ ಶುಚಿಯಾಯಿತೆಂದು ಒಪ್ಪುವುದು ಎಂಬುದನ್ನು ತಪಾಸಣೆಯ ಗುತ್ತಿಗೆದಾರರೊಡನೆ ಮೊದಲೇ ಬರಹದಲ್ಲಿ ಗೊತ್ತುಮಾಡಿಕೊಂಡಿದ್ದರೆ ಕೊನೆಗೆ ಜಗಳ ತಪ್ಪುತ್ತದೆ.

ತಪಾಸಣೆಯ ಪಿಗ್

ಇಂಟೆಲಿಜೆಂಟ್ ಪಿಗ್ ಎಂದು ಕರೆಯುವ ಉಪಕರಣಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಕಾಂತೀಯ ಸೋರಿಕೆಯನ್ನು ಅಳೆಯುವ ಎಂಎಫ್‌ಎಲ್ ಪಿಗ್. ಬಲವಾದ ಅಯಸ್ಕಾಂತಗಳು ಕೊಳವೆಯ ಗೋಡೆಯನ್ನು ಕಾಂತರೇಖೆಗಳಿಂದ ತುಂಬಿಸುತ್ತವೆ. ಗೋಡೆ ಸವೆದ ಜಾಗದಲ್ಲಿ ರೇಖೆಗಳು ಹಿಡಿಸದೆ ಹೊರಗೆ ಉಬ್ಬುತ್ತವೆ. ಸುತ್ತಲೂ ಸಾಲಾಗಿ ಕೂತ ಸೆನ್ಸರುಗಳು ಆ ಉಬ್ಬನ್ನು ದಾಖಲಿಸುತ್ತವೆ, ಗಾಲಿಗಳು ದೂರ ಎಣಿಸುತ್ತವೆ. ಸೆನ್ಸರಿಗೂ ಗೋಡೆಗೂ ನಡುವೆ ಕೊಳೆ ಸೇರಿದರೆ ಸೆನ್ಸರ್ ಮೇಲೇಳುತ್ತದೆ, ಸಂಕೇತ ಮಸುಕಾಗುತ್ತದೆ. ಶುಚಿಗೊಳಿಸುವ ಓಟಗಳಿಗೆ ಇಷ್ಟು ದಿನ ಸುರಿದದ್ದು ಇದಕ್ಕಾಗಿಯೇ. ಶಬ್ದತರಂಗದ ಪಿಗ್‌ಗಳೂ ಇವೆ. ಅವುಗಳಿಗೆ ಸೆನ್ಸರ್ ಮತ್ತು ಗೋಡೆಯ ನಡುವೆ ದ್ರವ ಬೇಕೇಬೇಕಾದ್ದರಿಂದ ಎಣ್ಣೆಯ ಲೈನಿಗೆ ಒಗ್ಗುತ್ತವೆ, ಅನಿಲಕ್ಕೆ ಹಾಗೆಯೇ ಒಗ್ಗುವುದಿಲ್ಲ. ನಮ್ಮ ದೇಶದಲ್ಲೇ ಭಾಭಾ ಅಣು ಸಂಶೋಧನಾ ಕೇಂದ್ರ ಇಂಡಿಯನ್ ಆಯಿಲ್ ಜೊತೆಗೂಡಿ ಎಂಎಫ್‌ಎಲ್ ಪಿಗ್ ರೂಪಿಸಿದೆ.

ಇದರ ಅಯಸ್ಕಾಂತಗಳ ಬಗ್ಗೆ ಒಂದು ಎಚ್ಚರಿಕೆ. ಜೇಬಿನ ಸ್ಪ್ಯಾನರನ್ನು ಎಳೆದುಕೊಂಡು ನಡುವೆ ಸಿಕ್ಕ ಬೆರಳನ್ನು ಜಜ್ಜುವಷ್ಟು ಬಲ ಅವಕ್ಕಿರುತ್ತದೆ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಅದರ ಬಳಿ ಸುಳಿಯಲೇಬಾರದು.

ಮೊದಲು ಆಕಾರ ಅಳೆಯುವ ಕ್ಯಾಲಿಪರ್ ಪಿಗ್, ಅದರ ಹಿಂದೆ ಎಂಎಫ್‌ಎಲ್ ಹೋಗುವುದು ಪದ್ಧತಿ. ವೇಗ ಉದ್ದಕ್ಕೂ ಒಂದೇ ಸಮ ಇರಬೇಕು, ಪಂಪ್ ನಿಲ್ಲಬಾರದು. ನಿಂತ ಪ್ರತಿ ಗಂಟೆಯೂ ಬ್ಯಾಟರಿಯನ್ನು ತಿನ್ನುತ್ತದೆ. ನೆಲದ ಮೇಲೆ 1–2 ಕಿಲೋಮೀಟರಿಗೊಂದರಂತೆ ಮಾರ್ಕರ್ ಪೆಟ್ಟಿಗೆ ಇಟ್ಟು, ಪಿಗ್ ಕೆಳಗೆ ಹಾದ ಕ್ಷಣವನ್ನು ದಾಖಲಿಸಬೇಕು. ಗಾಲಿಗಳು ಜಾರಿ ತಪ್ಪಿದ ದೂರವನ್ನು ಸರಿಪಡಿಸುವುದು ಈ ಪೆಟ್ಟಿಗೆಗಳಿಂದಲೇ. ಪಿಗ್‌ನ ಗಡಿಯಾರಕ್ಕೂ ಪೆಟ್ಟಿಗೆಗಳ ಗಡಿಯಾರಕ್ಕೂ ಸೆಕೆಂಡಿನ ವ್ಯತ್ಯಾಸವಿಲ್ಲದಂತೆ ಹೊಂದಿಸಿಕೊಳ್ಳಿ. ಮಲೆನಾಡಿನಲ್ಲಿ ರಾತ್ರಿ ಎರಡು ಗಂಟೆಗೆ ಕಾಫಿ ತೋಟದ ನಡುವೆ ಪೆಟ್ಟಿಗೆಯ ಮುಂದೆ ಕೂರುವ ಹುಡುಗರಿಗೆ ಪಿಗ್‌ಗಿಂತ ಆನೆಯ ಚಿಂತೆ ಹೆಚ್ಚು. ಅಂಥ ಜಾಗಗಳಿಗೆ ಇಬ್ಬರನ್ನು ಜೀಪಿನೊಡನೆ ಕಳಿಸಿ, ತೋಟದವರಿಗೂ ಅರಣ್ಯ ಇಲಾಖೆಗೂ ಮೊದಲೇ ತಿಳಿಸಿರಬೇಕು.

ವರದಿಯಿಂದ ಗುಂಡಿಗೆ

ವರದಿ ಸಾವಿರಾರು ಸಾಲುಗಳ ಪಟ್ಟಿಯಾಗಿ ಬರುತ್ತದೆ. ಅದರಲ್ಲಿ ನಾನು ಮೊದಲು ನೋಡುವುದು ಗಡಿಯಾರದ ಅಂಕಣವನ್ನು. ಹರಿವಿನ ದಿಕ್ಕಿಗೆ ಮುಖಮಾಡಿ ನಿಂತಂತೆ ಕೊಳವೆಯ ಸುತ್ತಳತೆಯನ್ನು ಗಡಿಯಾರದಂತೆ ಓದುತ್ತೇವೆ. ಒಳಗಿನ ಸವೆತ 6 ಗಂಟೆಯ ಆಸುಪಾಸಿನಲ್ಲಿ ಗುಂಪುಗೂಡಿದ್ದರೆ ತಳದಲ್ಲಿ ನೀರು ನಿಂತಿದೆ. 6 ಗಂಟೆಯಲ್ಲಿ ಕೊಳವೆ ನಜ್ಜಿದ್ದರೆ ಅದು ಅಡಿಯ ಬಂಡೆಯಿಂದಾದದ್ದು, ಅದೇ ನಜ್ಜು 12 ಗಂಟೆಯಲ್ಲಿದ್ದರೆ ಯಾರೋ ಮೇಲಿನಿಂದ ಜೆಸಿಬಿ ಹಾಕಿದ್ದಾರೆ. ನಕ್ಷೆಯಲ್ಲಿಲ್ಲದ ಒಂದು ಸಣ್ಣ ಜೋಡಣೆ ಕಂಡರೆ ಅದು ಎಣ್ಣೆ ಕಳ್ಳರು ಕೊರೆದ ಟ್ಯಾಪಿಂಗ್ ಇರಬಹುದು. ಆ ಜಾಗಕ್ಕೆ ಅಗೆಯುವವರಿಗಿಂತ ಮೊದಲು ಪೊಲೀಸರು ಹೋಗಬೇಕು.

ಸವೆತದ ಆಳವನ್ನು ಗೋಡೆಯ ದಪ್ಪದ ಶೇಕಡಾವಾರಿನಲ್ಲಿ ಕೊಟ್ಟಿರುತ್ತಾರೆ. ಸಾಮಾನ್ಯ ಎಂಎಫ್‌ಎಲ್ ಪಿಗ್‌ನ ಅಂದಾಜು ಹತ್ತರಲ್ಲಿ ಎಂಟು ಬಾರಿ ಗೋಡೆಯ ದಪ್ಪದ ಶೇಕಡಾ 10ರಷ್ಟು ಆಚೀಚೆಯೊಳಗೆ ಇರುತ್ತದೆ. ವರದಿಯಲ್ಲಿ 40 ಎಂದಿರುವುದು ನಿಜದಲ್ಲಿ 50 ಇರಬಹುದು, ಹತ್ತರಲ್ಲಿ ಸುಮಾರು ಒಂದು ಬಾರಿ ಅದನ್ನೂ ಮೀರಬಹುದು. ಆದ್ದರಿಂದ ದುರಸ್ತಿಗೆ ಹಣ ಬರೆಯುವ ಮೊದಲು ಕೆಲವು ಜಾಗಗಳಲ್ಲಿ ಅಗೆದು ತಾಳೆ ನೋಡಲೇಬೇಕು.

ಅಗೆಯುವ ಜಾಗವನ್ನು ಜಿಪಿಎಸ್ ಒಂದರಿಂದಲೇ ಗೊತ್ತುಮಾಡಬಾರದು. ಹತ್ತಿರದ ಮಾರ್ಕರಿನಿಂದ ಟೇಪು ಹಿಡಿದು ಅಳೆಯಿರಿ. ಕೊಳವೆಗಳು ಸಾಮಾನ್ಯವಾಗಿ 12 ಮೀಟರಿನ ಆಸುಪಾಸಿನ ಉದ್ದದವಾದರೂ ಎರಡು ತುಂಡುಗಳ ಉದ್ದ ಒಂದೇ ಇರುವುದಿಲ್ಲ. ವರದಿಯಲ್ಲಿ ಪ್ರತಿ ತುಂಡಿನ ಉದ್ದವೂ ಇರುತ್ತದೆ. ಗುಂಡಿಯಲ್ಲಿ ಒಂದು ವೆಲ್ಡ್ ಸಿಕ್ಕಿದರೆ ಮುಂದಿನ ವೆಲ್ಡಿನವರೆಗೂ ತೆರೆದು ಅಳೆದು, ಆ ಉದ್ದ ವರದಿಯ ತುಂಡಿನೊಡನೆ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ನೀವು ಪಕ್ಕದ ತುಂಡಿನ ಮೇಲೆ ನಿಂತಿದ್ದೀರಿ. ಹೊಂದಿದರೆ ಹೊರಲೇಪ ಬಿಡಿಸಿ, ಉಕ್ಕನ್ನು ಹೊಳೆಯುವಂತೆ ಉಜ್ಜಿ, ವರದಿ ಹೇಳಿದ ಗಡಿಯಾರದ ಜಾಗದಲ್ಲಿ ಸೀಮೆಸುಣ್ಣದಿಂದ ಚೌಕಗಳನ್ನು ಬರೆದು, ಒಂದೊಂದು ಚೌಕಕ್ಕೂ ಶಬ್ದತರಂಗದ ಗೇಜ್ ಒತ್ತಿ ದಪ್ಪವನ್ನು ಗುರುತು ಹಾಕಿಕೊಳ್ಳಿ. ಆ ಅಂಕಿಗಳನ್ನು ಪಿಗ್‌ನ ಅಂಕಿಗಳ ಪಕ್ಕದಲ್ಲಿ ಬರೆದು ಗುತ್ತಿಗೆದಾರರ ಪ್ರತಿನಿಧಿಯಿಂದ ಗುಂಡಿಯ ದಡದಲ್ಲಿಯೇ ಸಹಿ ಪಡೆಯಿರಿ. ಗುಂಡಿ ಮುಚ್ಚುವ ಮೊದಲು ಹೊಸ ಲೇಪವನ್ನು, ಅದರಲ್ಲಿನ ಕಣ್ಣಿಗೆ ಕಾಣದ ತೂತುಗಳನ್ನು ಪತ್ತೆಹಚ್ಚುವ ಹಾಲಿಡೇ ಯಂತ್ರದಿಂದ ಉದ್ದಕ್ಕೂ ಪರೀಕ್ಷಿಸಿ, ಕೊಳವೆಯ ಸುತ್ತ ಕಲ್ಲಿಲ್ಲದ ಮೆದು ಮಣ್ಣನ್ನೇ ತುಂಬಿಸಬೇಕು.